ಶಿರಸಿಯ ಅಡಿಕೆ ದರ ಮತ್ತು ಬಂದರಿನ ಕಾಗದಪತ್ರ

ಶಿರಸಿಯಲ್ಲಿ ಚಾಲಿಯ (ಬಿಸಿಲಿಗೆ ಒಣಗಿಸಿದ ಬಿಳಿ ಅಡಿಕೆಯ) ದರ ಕುಸಿದಾಗಲೆಲ್ಲ ಆಮದು ಸುಂಕವನ್ನು ಏರಿಸಬೇಕೆಂಬ ಮನವಿ ಹೊರಡುತ್ತದೆ. ಆದರೆ ಸುಂಕ ಈಗಾಗಲೇ ಶೇ. 100 ಇದೆ. ಕಿಲೋಗೆ 351 ರೂಪಾಯಿಗಿಂತ ಕಡಿಮೆ ಬೆಲೆಯ ಅಡಿಕೆಯನ್ನು ತರಿಸುವಂತಿಲ್ಲ ಎಂಬ ನಿರ್ಬಂಧವೂ 2023ರಿಂದ ಜಾರಿಯಲ್ಲಿದೆ. ಮೊದಲು ಆ ಮಿತಿ 251 ಇತ್ತು. ಹಾಗಾಗಿ ನಮ್ಮ ಬೆಳೆಗಾರರೂ ಸಹಕಾರಿ ಸಂಘಗಳೂ ಕಣ್ಣಿಡಬೇಕಾದದ್ದು ಸುಂಕದ ದರಕ್ಕಿಂತ ಹೆಚ್ಚಾಗಿ ಕಸ್ಟಮ್ಸ್ ತಪಾಸಣೆಯ ಮೇಲೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಮದುದಾರರು ಸಲ್ಲಿಸುವ ಬಿಲ್ ಆಫ್ ಎಂಟ್ರಿ ಎಂಬ ಘೋಷಣಾ ಪತ್ರದಲ್ಲಿ ಸರಕಿನ ಹೆಸರಿನ ಜೊತೆ ಅದರ ವರ್ಗವನ್ನು ಸೂಚಿಸುವ ಸಂಖ್ಯೆಯಾದ ಎಚ್‌ಎಸ್ ಕೋಡ್ ಇರುತ್ತದೆ. ಒಣ ಅಡಿಕೆ 0802ರಲ್ಲಿ ಬರುತ್ತದೆ. ಅದನ್ನೇ ‘ಹುರಿದ ಅಡಿಕೆ’ ಎಂದು ಬರೆದರೆ 2008 ಎಂಬ ಕೋಡಿಗೆ ಹೋಗುತ್ತದೆ. ಕನಿಷ್ಠ ಬೆಲೆಯ ನಿರ್ಬಂಧ ಅಲ್ಲಿಗೆ ಬಹುಕಾಲ ತಾಗಲೇ ಇಲ್ಲ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹುರಿದ ಅಡಿಕೆಗೂ ಅದೇ ಮಿತಿಯನ್ನು ಹಾಕಿತು. ಇಷ್ಟು ತಡವಾದದ್ದು ನನಗೆ ಇಂದಿಗೂ ಬೇಸರದ ಸಂಗತಿ.

ಬೇಯಿಸಿದ ಮಾತ್ರಕ್ಕೆ ಅಡಿಕೆ ‘ಸುಪಾರಿ’ ಎಂಬ ಸಿದ್ಧ ಪದಾರ್ಥವಾಗಿ 2106 ಎಂಬ ಕೋಡಿಗೆ ಸೇರಬೇಕೆಂಬ ವಾದವೂ ನಡೆದಿದೆ. ನಮ್ಮ ಕೆಂಪಡಿಕೆಯನ್ನು ನೋಡಿ: ಎಳೆಗಾಯಿ ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿದ ಕೆಂಪು ರಸದಲ್ಲಿ) ಬೇಯಿಸಿ, ಅಟ್ಟದ ಮೇಲೆ ಒಣಗಿಸಿದರೂ ಅದು ಅಡಿಕೆಯೇ. ಕೆಡದಂತೆ ಇಡಲು ಹದವಾಗಿ ಬಿಸಿ ಮಾಡಿದ ಕಾಯಿ ಒಣಕಾಯಿಯಾಗಿಯೇ ಉಳಿಯುತ್ತದೆಂದು ಸುಂಕಪಟ್ಟಿಯ 8ನೇ ಅಧ್ಯಾಯದ ಟಿಪ್ಪಣಿಯೇ ಹೇಳುತ್ತದೆ. ಬಿಸಿಲಿಗೆ ಒಣಗಿದ ಚಾಲಿಯನ್ನು ಅಡಕತ್ತರಿಯಲ್ಲಿ ಹೋಳು ಮಾಡಿದರೆ ಬಿಳಿಯ ನಡುವೆ ಕಂದು ಗೆರೆಗಳು ಕಾಣುತ್ತವೆ. ಹುರಿದದ್ದಕ್ಕೂ ಒಣಗಿಸಿದ್ದಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ವಖಾರಿಯ ಅನುಭವಿಗಳು ಹೋಳಿನ ಬಣ್ಣ ನೋಡಿ, ಮೂಸಿ ಹೇಳಬಲ್ಲರು.

ಈ ತಿಳಿವಳಿಕೆ ಬಂದರನ್ನು ಮುಟ್ಟುತ್ತಿಲ್ಲ. 2020ರಿಂದ ಮುಖರಹಿತ ಮೌಲ್ಯಮಾಪನ ಬಂದಿದ್ದು, ಸರಕು ಒಂದು ಬಂದರಿನಲ್ಲಿದ್ದರೆ ಕಾಗದಪತ್ರ ಪರಿಶೀಲಿಸುವ ಅಧಿಕಾರಿ ಬೇರೆಯೇ ಊರಿನಲ್ಲಿರಬಹುದು. ಲಂಚ, ವಿಳಂಬಗಳನ್ನು ತಗ್ಗಿಸಲು ಇದು ಒಳ್ಳೆಯ ಕ್ರಮವೇ. ಆದರೆ ಅಡಿಕೆಯಂಥ ಸರಕಿನಲ್ಲಿ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸದೆ ವರ್ಗೀಕರಣವನ್ನು ಒಪ್ಪಬಾರದು. ನೆರೆದೇಶದ ಒಪ್ಪಂದದಡಿ ಸುಂಕ ವಿನಾಯಿತಿ ಕೇಳಿದಲ್ಲಿ, ಅಡಿಕೆ ನಿಜಕ್ಕೂ ಅಲ್ಲಿಯೇ ಬೆಳೆದದ್ದೆಂಬ ವಿವರವನ್ನು ಸರಕಿನ ಮೂಲದೇಶವನ್ನು ಪರಿಶೀಲಿಸುವ 2020ರ ಕರೊಟಾರ್ ನಿಯಮಗಳ ಪ್ರಕಾರ ಆಮದುದಾರರಿಂದ ಕೇಳಿ ಪಡೆಯಲೇಬೇಕು.

ಆದ್ದರಿಂದ ಜಿಲ್ಲೆಯ ಸಂಘಗಳು ಮುಂದಿನ ಮನವಿಯಲ್ಲಿ ಸುಂಕದ ಜೊತೆಗೆ ಇದನ್ನೂ ಸೇರಿಸಲಿ: ಚಾಲಿಯ ಜೊತೆಗೆ ಕೆಂಪಡಿಕೆಯ ಬಗೆಗಳಾದ ರಾಶಿ, ಬೆಟ್ಟೆಗಳ ಮಾದರಿಗಳನ್ನು ಕಸ್ಟಮ್ಸ್ ಪ್ರಯೋಗಾಲಯಗಳಿಗೆ ನಾವೇ ಒದಗಿಸುತ್ತೇವೆ, ಹೋಲಿಸಿ ನೋಡಲು ನಮ್ಮ ಅನುಭವಿಗಳನ್ನೂ ಕಳಿಸುತ್ತೇವೆ ಎಂದು.