ಹುಡುಗಿ ಫೋಟೋ ಇದ್ರೆ ಕೊಡಿ

ಭಾನುವಾರ ರಾತ್ರಿ ಕುವೆಂಪುನಗರದ ಮನೆಯಲ್ಲಿ ಕೂತು 'ಪೋರ್ಟ್ರೇಟ್ ಆಫ್ ಎ ಲೇಡಿ ಆನ್ ಫೈರ್' ನೋಡಿದೆವು. ಸೆಲೀನ್ ಸಿಯಾಮಾ ನಿರ್ದೇಶನದ ಫ್ರೆಂಚ್ ಸಿನಿಮಾ, 2019ರದ್ದು. ಇಬ್ಬರು ಹೆಂಗಸರ ಪ್ರೇಮಕಥೆ. ಮುಗಿದ ತಕ್ಷಣ ನಮ್ಮನೆಯವರು ಕೇಳಿದ್ದು: "ಇಬ್ಬರೂ ಎಲ್ಲಾದ್ರೂ ಓಡಿಹೋಗಬಹುದಿತ್ತಲ್ವಾ?"

ಎಲ್ಲಿಗೆ ಸ್ವಾಮಿ?

ಕಥೆ ನಡೆಯೋದು 18ನೇ ಶತಮಾನದ ಫ್ರಾನ್ಸಿನಲ್ಲಿ, ಬ್ರಿಟನಿಯ ಕಡಲತೀರದಲ್ಲಿ. ಮಿಲಾನಿನ ಗಂಡಿನ ಜೊತೆ ಮೊದಲು ಮದುವೆ ನಿಶ್ಚಯವಾಗಿದ್ದು ನಾಯಕಿ ಎಲೋಯೀಸ್‌ಳ ಅಕ್ಕನಿಗೆ. ಅಕ್ಕ ಕಡಿದಾದ ಬಂಡೆಯಿಂದ ಬಿದ್ದು ಸತ್ತಳು. ಬಿದ್ದಿದ್ದಲ್ಲ, ಹಾರಿದ್ದು ಅಂತ ಕೆಲಸದ ಹುಡುಗಿ ಸೋಫಿಯ ಅನುಮಾನ. ಸರಿ, ಮಠದಲ್ಲಿದ್ದ ತಂಗಿಯನ್ನು ಕರೆಸಿದರು. ಗಂಡು ಅದೇ, ಹುಡುಗಿ ಮಾತ್ರ ಬೇರೆ. ಅವನಿಗೆ ಕಳಿಸೋಕೆ ಇವಳ ಚಿತ್ರ ಬೇಕು, ಇವಳು ಕೂರಲ್ಲ. ಅದಕ್ಕೇ ಮರಿಯಾನ್ ಅನ್ನೋ ಚಿತ್ರಕಾರ್ತಿಯನ್ನು ವಾಕಿಂಗ್ ಜೊತೆಗಾರ್ತಿ ಅಂತ ಸುಳ್ಳು ಹೇಳಿ ಕರೆಸುತ್ತಾರೆ. ಕದ್ದು ನೋಡಿ ಬರೆಯಬೇಕು!

ಮರಿಯಾನ್ ಮದುವೆ ಬೇಡ ಅನ್ನಬಲ್ಲಳು, ಅಪ್ಪನ ಕಸುಬು ಅವಳ ಕೈಗೆ ಬರುತ್ತೆ. ಆದರೆ ಅವಳೂ ಗಂಡಸಿನ ಬರಿಮೈ ನೋಡಿ ಬರೆಯೋ ಹಾಗಿಲ್ಲ. ಪ್ರದರ್ಶನಕ್ಕೆ ಚಿತ್ರ ಇಟ್ಟರೆ ಅಪ್ಪನ ಹೆಸರಲ್ಲೇ. ಎಲೋಯೀಸ್‌ಗೆ ಅಷ್ಟೂ ಇಲ್ಲ.

ಇವರಿಬ್ಬರ ಪ್ರೇಮಕಥೆ ಚೆನ್ನಾಗಿದೆ, ಅದನ್ನ ಎಲ್ಲರೂ ಹೇಳಿಯಾಗಿದೆ. ನನಗೆ ನಿದ್ದೆ ಕೆಡಿಸಿದ್ದು ಸೋಫಿ ಬಸಿರು ತೆಗೆಸಿಕೊಳ್ಳುವ ದೃಶ್ಯ. ಮಂಚದ ಮೇಲೆ ಅವಳ ಪಕ್ಕದಲ್ಲೇ ಒಂದು ಕೂಸು. ಇವಳು ನೋವಿಗೆ ಅಳುತ್ತಿದ್ದರೆ ಅದು ಇವಳ ಬೆರಳು ಹಿಡಿದುಕೊಂಡಿರುತ್ತೆ. ಮರಿಯಾನ್ ಮುಖ ತಿರುಗಿಸುತ್ತಾಳೆ. ನೋಡು ಅಂತಾಳೆ ಎಲೋಯೀಸ್.

ಇನ್ನೊಂದು ಕಡೆ ಎಲೋಯೀಸ್‌ಳ ತಾಯಿ ಹೇಳ್ತಾಳೆ, ತಾನು ಮದುವೆಯಾಗಿ ಬರುವಷ್ಟರಲ್ಲಿ ತನ್ನ ಚಿತ್ರ ಆಗಲೇ ಆ ಮನೆಯ ಗೋಡೆ ಮೇಲಿತ್ತು ಅಂತ. ಅಲ್ಲಿಂದ ನನ್ನ ತಲೆ ಸೀದಾ ಮಂಡ್ಯಕ್ಕೆ ಹೋಯಿತು.

ದೊಡ್ಡಮ್ಮನ ಟ್ರಂಕಿನಲ್ಲಿ ಒಂದು ಕಪ್ಪು ಬಿಳುಪು ಫೋಟೋ ಇದೆ. ಸ್ಟುಡಿಯೋದಲ್ಲಿ ತೆಗೆಸಿದ್ದು. ಹಿಂದೆ ಬಣ್ಣ ಬಳಿದ ಪರದೆ, ಮೈಮೇಲೆ ಎದುರುಮನೆಯಿಂದ ಇಸ್ಕೊಂಡು ಬಂದ ಸೀರೆ. ಉದ್ದ ಕಾಣಲಿ ಅಂತ ಜಡೆ ಮುಂದಕ್ಕೆ ಹಾಕಿಸಿದ್ದಾರೆ. ಆರು ಮನೆ ಸುತ್ತಿ ವಾಪಸ್ ಬಂದ ಫೋಟೋ ಅದು, ಏಳನೇ ಮನೆಯವರು ಒಪ್ಪಿದರು. "ನಿಮ್ಮನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ ದೊಡ್ಡಮ್ಮ?" ಅಂದೆ.

"ಕೇಳಿದ್ರಲ್ಲ! ಕಾಫಿಗೆ ಸಕ್ಕರೆ ಹಾಕಿದ್ಯೇನಮ್ಮ ಅಂತ" ಎಂದು ನಕ್ಕರು.

ಫೋಟೋ ತಿರುಗಿಸಿದರೆ ತಾತನ ಕೈಬರಹ. ಎತ್ತರ 5 ಅಡಿ 2 ಅಂಗುಲ. ಅದರ ಕೆಳಗೆ, ಹಾಡು ಬರುತ್ತದೆ.

ದೊಡ್ಡಮ್ಮ ಹಾಡಿದ್ದನ್ನ ನಾನಂತೂ ಇವತ್ತಿನವರೆಗೂ ಕೇಳಿಲ್ಲ.