ಪಿ.ಆರ್. ಆಗುವವರೆಗೆ ತಡ್ಕೊ ಅನ್ನಬೇಡಿ

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಮದುವೆಯಾಗಿ ಆಸ್ಟ್ರೇಲಿಯಾಕ್ಕೆ ಹೋದ ಮಗಳು ಗಂಡನ ಹಿಂಸೆ ಹೇಳಿಕೊಂಡರೆ ಮನೆಯವರ ಬಾಯಲ್ಲಿ ಬರುವ ಮಾತು, "ಪಿ.ಆರ್. (ಕಾಯಂ ವಾಸದ ಅನುಮತಿ) ಆಗೋವರೆಗೆ ಹೆಂಗಾದ್ರೂ ತಡ್ಕೊ". ದಯವಿಟ್ಟು ಹಾಗೆ ಹೇಳಬೇಡಿ. "ವೀಸಾ ಕ್ಯಾನ್ಸಲ್ ಮಾಡಿಸ್ತೀನಿ" ಅನ್ನುವ ಅವನ ಬೆದರಿಕೆ ನಡೆಯುವುದೇ ಇದರಿಂದ. ವೀಸಾ ತೀರ್ಮಾನ ಮಾಡುವುದು ಅಲ್ಲಿನ ಗೃಹ ಇಲಾಖೆ, ಗಂಡ ಅಲ್ಲ. 820/801 ಅಥವಾ 309/100 ಸಂಖ್ಯೆಯ ಪಾರ್ಟ್ನರ್ ವೀಸಾದಲ್ಲಿ (ಸಂಗಾತಿಗೆ ಕೊಡುವ ವೀಸಾ) ಅಲ್ಲಿರುವವಳ ದಾಂಪತ್ಯ ನಿಜವಾದದ್ದಾಗಿದ್ದು, ಅದು ಮುರಿಯುವ ಮೊದಲೇ ಹಿಂಸೆ ನಡೆದಿದ್ದರೆ, ಅವನು ಸ್ಪಾನ್ಸರ್‌ಶಿಪ್ ವಾಪಸ್ ತೆಗೆದುಕೊಂಡರೂ ಅವಳಿಗೆ ಕಾಯಂ ವೀಸಾ ಕೊಡಲು ಕಾನೂನಿದೆ.

ಮೈಮೇಲೆ ಗಾಯ ಇರಲೇಬೇಕೆಂದಿಲ್ಲ. ಬೆದರಿಕೆ, ಹಣ ಕೊಡದೆ ಕಟ್ಟಿಹಾಕುವುದು ಕೂಡ ಸೇರುತ್ತವೆ. ವಿಕ್ಟೋರಿಯಾ ರಾಜ್ಯದ ಕಾಯ್ದೆಯಂತೂ ವರದಕ್ಷಿಣೆ ಒತ್ತಾಯವನ್ನು ಹೆಸರಿಟ್ಟೇ ಹೇಳುತ್ತದೆ.

ಸೋಲು ಬರುವುದು ಕಾಗದದಲ್ಲಿ. ಅಲ್ಲಿನ ಕೋರ್ಟಿನ ರಕ್ಷಣಾ ಆದೇಶ ಇದ್ದರೆ ಸುಲಭ, ಆದರೆ ಗಂಡನ ವಾದ ಕೇಳದೆ ತುರ್ತಾಗಿ ಕೊಟ್ಟ ತಾತ್ಕಾಲಿಕ ಆದೇಶ ಸಾಲದು. ಆದೇಶ ಇಲ್ಲದವಳು ಗೃಹ ಇಲಾಖೆಯ 1410 ಫಾರಂನಲ್ಲಿ ಪ್ರಮಾಣ ಮಾಡಿದ ಹೇಳಿಕೆ ಬರೆದು, ಜೊತೆಗೆ ಕನಿಷ್ಠ ಎರಡು ದಾಖಲೆ ಕೊಡಬೇಕು: ಆಸ್ಪತ್ರೆ ವರದಿ, ಪೊಲೀಸ್ ದಾಖಲೆ, ಮನಶ್ಶಾಸ್ತ್ರಜ್ಞರದ್ದೋ ಸಮಾಜ ಕಾರ್ಯಕರ್ತರದ್ದೋ ಹೇಳಿಕೆ, ಮಹಿಳಾ ಆಶ್ರಯ ಕೇಂದ್ರದ ಪತ್ರ, ಹೀಗೆ. ಎರಡೂ ಬೇರೆ ಬೇರೆ ಬಗೆಯವಾಗಿರಬೇಕು. ಇಬ್ಬರು ಡಾಕ್ಟರ ಪತ್ರ ತಂದರೆ ಅದು ಒಂದೇ ಲೆಕ್ಕ.

ದಾಂಪತ್ಯ ನಿಜ ಅನ್ನುವುದಕ್ಕೂ ಪುರಾವೆ ಬೇಕು. ಬಾಡಿಗೆ ಕರಾರು, ಜಂಟಿ ಬ್ಯಾಂಕ್ ಖಾತೆ ಎಲ್ಲ ಗಂಡನ ಹತ್ತಿರವೇ ಇರುತ್ತವೆ. ಊರಿನವರು ನಿಜವಾಗಿ ನೆರವಾಗಬಹುದಾದ ಜಾಗ ಇದು. ಲಗ್ನಪತ್ರಿಕೆ, ಛತ್ರದ ರಸೀದಿ, ಮದುವೆ ಫೋಟೋ, ಸಬ್ ರಿಜಿಸ್ಟ್ರಾರ್ ಕಚೇರಿಯ ವಿವಾಹ ನೋಂದಣಿ ಪತ್ರ, ಅಳಿಯನ ಖಾತೆಗೆ ಹಾಕಿದ ಹಣದ ವಿವರ, ಅವಳು ಅಳುತ್ತಾ ಕಳಿಸಿದ ವಾಟ್ಸಾಪ್ ಸಂದೇಶ, ಎಲ್ಲವನ್ನೂ ಸ್ಕ್ಯಾನ್ ಮಾಡಿ ಅವನಿಗೆ ಗೊತ್ತಿಲ್ಲದ ಹೊಸ ಇಮೇಲಿಗೆ ಕಳಿಸಿ. ನಮ್ಮ ಮನೆ ಮರ್ಯಾದೆ ಅಂತ ಆ ಮೆಸೇಜು ಅಳಿಸಬೇಡಿ.

ಅರ್ಜಿಯ ಆನ್‌ಲೈನ್ ಖಾತೆ ಸಾಮಾನ್ಯವಾಗಿ ಗಂಡನ ಇಮೇಲಿನಲ್ಲೇ ಇರುತ್ತದೆ. ಇಲಾಖೆಯ ನೋಟಿಸು ಅವನಿಗೇ ಹೋಗಿ, ಉತ್ತರಿಸುವ ಗಡುವು ಕಳೆದುಹೋಗುತ್ತದೆ. ವಿಳಾಸ, ಇಮೇಲ್ ಬದಲಾಯಿಸಿ ಇಲಾಖೆಗೆ ತಿಳಿಸುವುದು ಮೊದಲ ಕೆಲಸ. ಅದಕ್ಕೆ ಮುಂಚೆ ಅಲ್ಲಿನ ಲೀಗಲ್ ಏಡ್ (ಕಾನೂನು ನೆರವು) ವಕೀಲರ ಜೊತೆ ಮಾತಾಡಿದರೆ ಇನ್ನೂ ಒಳ್ಳೆಯದು. ಆಸ್ಟ್ರೇಲಿಯಾದ ಇಪ್ಪತ್ನಾಲ್ಕು ಗಂಟೆಯ ಸಹಾಯವಾಣಿ 1800 737 732, ಪ್ರಾಣಕ್ಕೆ ಅಪಾಯ ಇದ್ದರೆ 000.

ಹೆದರಿ ತಕ್ಷಣ ಟಿಕೆಟ್ ತೆಗೆಸಬೇಡಿ. ಬ್ರಿಡ್ಜಿಂಗ್ ವೀಸಾ ಎ (ಅರ್ಜಿ ತೀರ್ಮಾನ ಆಗುವವರೆಗಿನ ತಾತ್ಕಾಲಿಕ ವೀಸಾ) ಮಾತ್ರ ಇರುವವಳು ದೇಶ ಬಿಟ್ಟ ಕ್ಷಣ ಅದು ಮುಗಿಯುತ್ತದೆ, ಅದರ ಮೇಲೆ ವಾಪಸ್ ಹೋಗಲಾಗದು. ಗಂಡನ ವಿದ್ಯಾರ್ಥಿ ವೀಸಾಕ್ಕೆ ಅವಲಂಬಿತಳಾಗಿ ಹೋದವಳಿಗೆ ಈ ಪಾರ್ಟ್ನರ್ ವೀಸಾ ದಾರಿ ಇಲ್ಲ, ಅವಳಿಗೆ ಬೇಕಾದ ಸಲಹೆಯೇ ಬೇರೆ.

ಊರಿಗೆ ಬಂದೇ ಬಿಟ್ಟಿದ್ದರೆ, ನಮ್ಮ ದೇಶದ 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 27ನೇ ಕಲಂ ಪ್ರಕಾರ ಅವಳು ಸದ್ಯ ವಾಸವಿರುವ ಊರಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ತವರು ಶಿವಮೊಗ್ಗ ಆದರೆ ಶಿವಮೊಗ್ಗವೇ. ವಕೀಲರ ಖರ್ಚಿಗೆ ಅಂಜಬೇಕಿಲ್ಲ, ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಕೊಡುತ್ತದೆ. ಫೋನ್ 15100.