ಮಲಗುವವರಿಗೇ ಕಿಟಕಿ ಸೀಟು

ಘಾಟಿ ನಮ್ಮ ಜಿಲ್ಲೆಯದು, ಕಿಟಕಿ ಮಾತ್ರ ಬೆಂಗಳೂರಿನವರದು. ಹಾಸನದಲ್ಲಿ ಹಗಲು ರೈಲು ಹತ್ತಿ ಮಂಗಳೂರು ಕಡೆ ಹೋದವರಿಗೆಲ್ಲ ಈ ಸಂಕಟ ಗೊತ್ತು. ರೈಲು ಯಶವಂತಪುರದಲ್ಲೇ ತುಂಬಿಕೊಂಡಿರುತ್ತದೆ. ಹಾಸನಕ್ಕೆ ಬರುವಷ್ಟರಲ್ಲಿ ಕಿಟಕಿ ಪಕ್ಕದವರು ಇಡ್ಲಿ ತಿಂದು, ಕಾಫಿ ಕುಡಿದು, ಮೊಬೈಲ್ ನೋಡಿ ಸುಸ್ತಾಗಿ ಮಲಗಿರುತ್ತಾರೆ. ನೋಡುವಂಥದ್ದು ಶುರುವಾಗುವುದೇ ಸಕಲೇಶಪುರ ದಾಟಿದ ಮೇಲೆ!

ಮೊನ್ನೆ ಪುತ್ತೂರಿನ ನೆಂಟರ ಮನೆಯಲ್ಲಿ ಗೃಹಪ್ರವೇಶ. ನಾನು ಬಸ್ ಅಂದೆ. "ರೀ, ಈ ಮಳೆಗೆ ಜಲಪಾತ ಎಲ್ಲ ತುಂಬಿರ್ತವೆ, ರೈಲಲ್ಲೇ ಹೋಗೋಣ" ಅಂದಳು ಹೆಂಡತಿ. ಹೋದೆವು. ಕಿಟಕಿಯಲ್ಲಿ ಒಬ್ಬ ಮಹಾಶಯರು. ತಲೆಗೆ ಮಫ್ಲರ್, ತೊಡೆ ಮೇಲೆ ಬ್ಯಾಗು, ಬಾಯಿ ಅರ್ಧ ತೆರೆದು ನಿದ್ದೆ. ದೋಣಿಗಲ್ ಹತ್ತಿರ ತಣ್ಣಗೆ ಗಾಳಿ ಬೀಸಿತು ನೋಡಿ, ಕಣ್ಣು ಬಿಡದೆಯೇ ಕೈ ಚಾಚಿ ಶಟರ್ ಇಳಿಸಿಬಿಟ್ಟರು.

"ಸಾರ್, ಸ್ವಲ್ಪ ಎತ್ತಬಹುದಾ?" ಅಂದೆ.

"ಶೀತ ಆಗುತ್ತೆ" ಅಂದರು. ಆದರೂ ದೊಡ್ಡ ಮನಸ್ಸು ಮಾಡಿ ನಾಲ್ಕು ಬೆರಳು ಅಗಲ ಎತ್ತಿದರು. ಆ ಸಂದಿಯಲ್ಲಿ ನನಗೆ ಕಂಡಿದ್ದು ಜಲ್ಲಿಕಲ್ಲು.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ. ಸುರಂಗ ಬಂದಾಗ ಹುಡುಗರು ಹೋ ಎಂದು ಕೂಗುವುದು ಪದ್ಧತಿ. ಕೂಗಿಗೆ ಇವರಿಗೆ ಎಚ್ಚರ. ಶಟರ್ ಪೂರ್ತಿ ಎತ್ತಿ ಹೊರಗೆ ನೋಡುತ್ತಾರೆ. ಕಗ್ಗತ್ತಲು. ಇಳಿಸಿ ಮಲಗುತ್ತಾರೆ. ಆಗ ಸುರಂಗ ಮುಗಿದು, ಸೇತುವೆ ಬಂದು, ಆ ಕಡೆಯ ಕಿಟಕಿಯವರೆಲ್ಲ "ಅಯ್ಯೋ ನೋಡಿ ನೋಡಿ" ಅನ್ನುತ್ತಾರೆ. ಇವರು ಗೊರಕೆ. ಮುಂದಿನ ಸುರಂಗ, ಮತ್ತೆ ಕೂಗು, ಮತ್ತೆ ಶಟರ್ ಮೇಲೆ, ಮತ್ತೆ ಕತ್ತಲು. ಎಡಕುಮೇರಿ ಹೊತ್ತಿಗೆ ಅವರಿಗೇ ಬೇಜಾರಾಯಿತು. ನನ್ನ ಕಡೆ ತಿರುಗಿ ಕೇಳಿದರು: "ಏನ್ರೀ, ಇಷ್ಟೊಂದು ಹೊಗಳ್ತಾರೆ, ಬರೀ ಕತ್ತಲಲ್ವಾ ಈ ದಾರಿ?"

ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಇಲ್ಲದಿದ್ದರೆ ಆವತ್ತು ಏನಾಗುತ್ತಿತ್ತೋ.

ಇದಕ್ಕಿಂತ ನಮ್ಮ ಮೈಸೂರು ಪ್ಯಾಸೆಂಜರ್ ಎಷ್ಟೋ ವಾಸಿ. ರಿಸರ್ವೇಶನ್ ಇಲ್ಲ, ಟವೆಲ್ ಎಸೆದವನಿಗೆ ಸೀಟು. ಕಿಟಕಿ ಯಾರಪ್ಪನ ಸ್ವತ್ತೂ ಅಲ್ಲ. ಮಾವಿನಕೆರೆಯಲ್ಲಿ ಒಬ್ಬರು ಎದ್ದರೆ ಸರಿದು ಕೂರಬಹುದು. ಹೊಳೆನರಸೀಪುರದಲ್ಲಿ ಅರ್ಧ ಬೋಗಿಯೇ ಖಾಲಿ. ಜಲಪಾತ ಇಲ್ಲ ನಿಜ. ತೆಂಗಿನ ತೋಟ, ಗದ್ದೆ, ಕ್ರಾಸಿಂಗಿಗೆ ನಿಂತಾಗ ಅದೇ ಗದ್ದೆಯನ್ನು ಇನ್ನೂ ಜಾಸ್ತಿ ಹೊತ್ತು ನೋಡುವ ಅವಕಾಶ. ಕಡಲೆಕಾಯಿ ಸಿಪ್ಪೆ ನಮ್ಮ ಕಾಲ ಮೇಲೇ ಬೀಳುತ್ತದೆ, ಇರಲಿ.

ಆದರೂ ಘಾಟಿಯ ಆಸೆ ಬಿಡುವುದಿಲ್ಲ. ಅಪ್ಪನಿಗೆ ಆ ದಾರಿಯಲ್ಲಿ ಇನ್ನೊಂದು ಸಲ ಹೋಗಬೇಕಿತ್ತು. 1979ರಲ್ಲಿ ಶುರುವಾದ ಕಿರಿದಾದ ಮೀಟರ್ ಗೇಜ್ ಹಳಿಯನ್ನು ಅಗಲದ ಬ್ರಾಡ್ ಗೇಜ್ ಮಾಡಲು 1996ರಲ್ಲಿ ರೈಲು ನಿಲ್ಲಿಸಿದರು. ಪ್ರಯಾಣಿಕರ ರೈಲು ಮತ್ತೆ ಬಂದದ್ದು 2007ರ ಡಿಸೆಂಬರಿನಲ್ಲಿ. "ರೈಲು ಬಿಟ್ರಂತಾ?" ಅಂತ ಅಪ್ಪ ಪೇಪರ್ ತಿರುವುತ್ತಲೇ ಇದ್ದರು. ಬಿಡುವ ಹೊತ್ತಿಗೆ ಅವರಿರಲಿಲ್ಲ.

ಈಗ ಹೆಂಡತಿ ವಿಸ್ಟಾಡೋಮ್ ಅನ್ನುತ್ತಿದ್ದಾಳೆ. 2021ರಿಂದ ಈ ದಾರಿಯಲ್ಲಿ ಓಡುವ ಗಾಜಿನ ಬೋಗಿ. ಸೀಟು ಕೂಡ ತಿರುಗುತ್ತದೆ. ಮಹಾಶಯರು ಬೇಕಾದರೆ ಅಲ್ಲೂ ಬಂದು ಮಲಗಲಿ, ಗಾಜಿನ ಚಾವಣಿಗೆ ಅವರು ಯಾವ ಶಟರ್ ಇಳಿಸುತ್ತಾರೆ? ಖುಷಿಯಿಂದ ಟಿಕೆಟ್ ದರ ನೋಡಿದೆ. ಈ ಸಲ ಕಣ್ಣು ಮುಚ್ಚಿದ್ದು ನಾನು.